ಕೇಳಿಸಿಕೊಳ್ಳುವವನ ಹೊಣೆ

ಒಪ್ಪಲೇಬೇಕಾದ ಕಟ್ಟುಪಾಡಿಲ್ಲದ ಅಧಿಕಾರಿಯೊಬ್ಬ ಜನರನ್ನು ಕರೆದು ಅವರ ಮಾತು ಕೇಳಿದರೆ, ಆ ಕೇಳುವಿಕೆಗೆ ನೈತಿಕ ಬೆಲೆ ಇದೆಯೇ? ಅಥವಾ ಅದು ಅಧಿಕಾರ ತನ್ನ ಮುಖಕ್ಕೆ ಬಳಿದುಕೊಂಡ ಬಣ್ಣವೇ? ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸಿ. ವಿ. ರಂಗಾಚಾರ್ಲು ಅವರ ಬದುಕನ್ನು ಓದುವಾಗ ಈ ಪ್ರಶ್ನೆಯನ್ನು ದಾಟಿ ಮುಂದೆ ಹೋಗುವುದು ನನಗೆ ಸಾಧ್ಯವಾಗಿಲ್ಲ.

ರಂಗಾಚಾರ್ಲು ಹುಟ್ಟಿದ್ದು 1831ರಲ್ಲಿ, ಮದರಾಸು ಪ್ರಾಂತ್ಯದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ. ಗುಮಾಸ್ತೆಯ ಕೆಲಸದಿಂದ ಶುರುಮಾಡಿ ಡೆಪ್ಯುಟಿ ಕಲೆಕ್ಟರ್ ಹುದ್ದೆಯವರೆಗೆ ಏರಿದವರು. 1868ರಲ್ಲಿ ಮೈಸೂರಿಗೆ ಬಂದು ಅರಮನೆಯ ಲೆಕ್ಕಪತ್ರಗಳನ್ನು ಹದಕ್ಕೆ ತಂದರು. ಮೈಸೂರಿನಲ್ಲಿ ಬ್ರಿಟಿಷ್ ಆಡಳಿತ ಎಷ್ಟು ದುಬಾರಿಯೆಂದು ಟೀಕಿಸಿದ ಅವರ ಕಿರುಹೊತ್ತಗೆ 1874ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1881ರ ಮಾರ್ಚ್ 25ರಂದು ರಾಜ್ಯ ಹದಿನೆಂಟರ ಹರೆಯದ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿದಾಗ ದಿವಾನರಾದದ್ದು ಇವರೇ.

ಅವರ ಕೈಗೆ ಬಂದದ್ದು ಬಸವಳಿದ ನಾಡು. 1876–78ರ ಬರಗಾಲ ಆಗಷ್ಟೇ ಮುಗಿದಿತ್ತು. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗೆ ಇಳಿದಿತ್ತು. ಬರದ ಸಾಲ ಬೇರೆ ಬೊಕ್ಕಸದ ಮೇಲಿತ್ತು. ಖರ್ಚು ಇಳಿಸಲು ಅವರು ಎಂಟು ಜಿಲ್ಲೆಗಳನ್ನು ಆರಕ್ಕೆ ತಂದರು. ಇಂಥ ಹೊತ್ತಿನಲ್ಲಿಯೇ, 1881ರ ಅಕ್ಟೋಬರ್ 7ರಂದು, ಮೈಸೂರಿನಲ್ಲಿ 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಸರ್ಕಾರ ಕಳೆದ ವರ್ಷ ಏನು ಮಾಡಿತು, ಮುಂದಿನ ವರ್ಷ ಏನು ಮಾಡಲಿದೆ ಎಂಬುದನ್ನು ದಿವಾನರು ಅವರೆದುರು ಹೇಳಬೇಕು. ಅವರ ಅಹವಾಲು ಕೇಳಬೇಕು. ಅಷ್ಟೇ. ಕಾನೂನು ಮಾಡುವ ಅಧಿಕಾರ ಸಭೆಗಿರಲಿಲ್ಲ. ಆಯವ್ಯಯದ ಮೇಲೆ ಮತ ಹಾಕುವ ಹಕ್ಕೂ ಇರಲಿಲ್ಲ.

ಇದನ್ನು ಪ್ರಜಾಪ್ರಭುತ್ವದ ಮೊದಲ ಹೆಜ್ಜೆಯೆಂದು ಕೊಂಡಾಡುವುದು ನಮಗೆ ರೂಢಿ. ನನಗೆ ಅಷ್ಟು ಸಲೀಸಾಗಿ ಒಪ್ಪಲಾಗುವುದಿಲ್ಲ. ಅಲ್ಲಿ ಕುಳಿತವರು ನಾಮಕರಣಗೊಂಡ ಜಮೀನುದಾರರು, ವರ್ತಕರು. ಬರದಲ್ಲಿ ಸತ್ತವರ ಮನೆಯವರನ್ನು, ಕೂಲಿಯವರನ್ನು, ಹೆಂಗಸರನ್ನು ಯಾರೂ ಕರೆದಿರಲಿಲ್ಲ. ಪ್ರಜೆ ಆರಿಸದವನು ಪ್ರಜೆಯ ಪ್ರತಿನಿಧಿ ಹೇಗಾದಾನು? ಅದಲ್ಲದೆ, ಕೊಟ್ಟವರು ಹಿಂದಕ್ಕೆ ಪಡೆಯಬಹುದಾದದ್ದು ಹಕ್ಕಲ್ಲ, ದಾಕ್ಷಿಣ್ಯ. ದಾಕ್ಷಿಣ್ಯ ಪಡೆದವನು ಮೊದಲು ಕಲಿಯುವುದು ಕೈಮುಗಿಯುವುದನ್ನು.

ಆದರೂ ಈ ವಾದವನ್ನು ಇಲ್ಲಿಗೇ ಮುಗಿಸುವುದು ನ್ಯಾಯವಲ್ಲ. ನಾಲ್ಕು ಜನರೆದುರು ಲೆಕ್ಕ ಒಪ್ಪಿಸುವವನು, ತಾನು ಲೆಕ್ಕ ಒಪ್ಪಿಸಬೇಕಾದವನು ಎಂಬುದನ್ನು ಮಾತಿಲ್ಲದೆಯೇ ಒಪ್ಪಿಕೊಂಡಿರುತ್ತಾನೆ. ಅಪ್ಪಣೆಗೆ ಕಾರಣ ಬೇಕಿಲ್ಲ. ಕಾರಣ ಕೊಟ್ಟರೆ ಅದನ್ನು ತೂಗಿ ನೋಡುವ ಅವಕಾಶ ಎದುರಿನವನಿಗೆ ದಕ್ಕುತ್ತದೆ. ಸಭೆ ವರ್ಷವರ್ಷವೂ ಕೂಡುವುದಾದರೆ, ಹೋದ ವರ್ಷ ಆಡಿದ ಮಾತು ಈ ವರ್ಷ ಸಾಕ್ಷಿಯಾಗಿ ಎದ್ದು ನಿಲ್ಲುತ್ತದೆ.

ನನ್ನದು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ನಮ್ಮ ಸೀಮೆಯ ಒಂದು ಗ್ರಾಮಸಭೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕುಡಿಯುವ ನೀರಿನ ಮಾತೆತ್ತಿದರು. ಮೇಜಿನ ಆಚೆಯಿಂದ ಬಂದ ಉತ್ತರ: “ಬರ್ಕೊಂಡಿದೀವಿ ಕಣವ್ವ, ಕೂತ್ಕೊ.” ಆಕೆ ಕೂರಲಿಲ್ಲ. “ಹೋದ್ ವರ್ಷಾನೂ ಬರ್ಕೊಂಡ್ರಲ್ಲ, ಅದನ್ನ ಎಲ್ಲಿಟ್ರಿ?” ಎಂದರು. ಜನ ನಕ್ಕರು, ಆಮೇಲೆ ಸುಮ್ಮನಾದರು. ಆಕೆಯ ಪ್ರಶ್ನೆಯ ಬಲ ಇದ್ದದ್ದು ‘ಹೋದ್ ವರ್ಷ’ ಎಂಬ ಮಾತಿನಲ್ಲಿ.

1881ರ ಸಭೆ ತೆರೆದದ್ದು ಇಂಥ ಪ್ರಶ್ನೆಗೆ ಜಾಗವನ್ನು, ಅದೂ ಕೆಲವರಿಗೆ ಮಾತ್ರ. ಮಿಕ್ಕದ್ದನ್ನು ಕೇಳಿ ಪಡೆಯಬೇಕಾಯಿತು. 1891ರಲ್ಲಿ, ಆಸ್ತಿ ಮತ್ತು ತೆರಿಗೆಯ ಅರ್ಹತೆಯುಳ್ಳವರಿಗಷ್ಟೇ ಆದರೂ, ಚುನಾವಣೆ ಬಂತು. 1923ರಲ್ಲಿ ಸಭೆಗೆ ಶಾಸನದ ಬಲ ಸಿಕ್ಕಿತು. ಇದನ್ನೆಲ್ಲ ನೋಡಲು ರಂಗಾಚಾರ್ಲು ಇರಲಿಲ್ಲ; ಎರಡು ಅಧಿವೇಶನಗಳನ್ನಷ್ಟೇ ನಡೆಸಿ 1883ರ ಜನವರಿಯಲ್ಲಿ ತೀರಿಕೊಂಡರು. ಮೈಸೂರಿನ ಪುರಭವನ ಇಂದಿಗೂ ಅವರ ಹೆಸರಿನಲ್ಲಿದೆ.

ಹಾಗಾಗಿ ನನ್ನ ಉತ್ತರ ಇಷ್ಟು. ಕೇಳಿಸಿಕೊಳ್ಳುವುದೇ ನ್ಯಾಯವಲ್ಲ, ಅದು ಹೊತ್ತುಕೊಂಡ ಸಾಲ. ಕರೆದು ಕೇಳಿದವನು ಮುಂದಿನ ಸಲ ಉತ್ತರ ತರಬೇಕು; ಆಗದಿದ್ದರೆ ಯಾಕೆ ಆಗಲಿಲ್ಲವೆಂದಾದರೂ ಹೇಳಬೇಕು. ರಂಗಾಚಾರ್ಲು ಯಾರ ಬಲವಂತವೂ ಇಲ್ಲದೆ ಆ ಸಾಲವನ್ನು ಸರ್ಕಾರದ ತಲೆಗೆ ಕಟ್ಟಿದರು. ಅವರ ದೊಡ್ಡತನ ಇರುವುದು ಅಲ್ಲಿ, ಪ್ರಜೆಗಳಿಗೆ ಏನನ್ನೋ ದಾನ ಮಾಡಿದರು ಎಂಬುದರಲ್ಲಿ ಅಲ್ಲ. ಇಂದು ನಮಗೆ ಮತವಿದೆ, ಕಾನೂನಿದೆ, ಗ್ರಾಮಸಭೆಯಿದೆ. ಸಾಲ ತೀರಿಲ್ಲವೆಂದು ನೆನಪಿಟ್ಟುಕೊಂಡು ಮರುವರ್ಷವೂ ಎದ್ದು ನಿಂತು ಕೇಳುವುದು ಮಾತ್ರ ನಮ್ಮ ಪಾಲಿನ ಕೆಲಸ.