ತೋರಿಸಿಕೊಳ್ಳುವುದು ತಪ್ಪೆ?

ಬಡ್ತಿಗೆ ತಾನು ಅರ್ಹನೆಂದು ಮೇಲಧಿಕಾರಿಗೆ ತೋರಿಸಿಕೊಳ್ಳುವುದು ಸರಿಯೋ ತಪ್ಪೋ? ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ತೋರಿಸಿಕೊಳ್ಳುವವನು ಹೊಗಳುಭಟ್ಟ, ಎಲೆಮರೆಯ ಕಾಯಿಯಂತಿರುವವನು ಸಜ್ಜನ. ಇಪ್ಪತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ನನಗೆ ಈ ಉತ್ತರ ಅಷ್ಟು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ.

ಗುಮಾಸ್ತನಿಗೂ ಅಧಿಕಾರಿಗೂ ಇರುವ ನಿಜವಾದ ವ್ಯತ್ಯಾಸ ಸಂಬಳದ್ದಲ್ಲ, ಸಹಿಯದ್ದು. ಗುಮಾಸ್ತ ಬರೆಯುತ್ತಾನೆ, ಅಧಿಕಾರಿ ಪಾಸು ಮಾಡುತ್ತಾನೆ. ಲೆಡ್ಜರು ಹೋಗಿ ಕಂಪ್ಯೂಟರ್ ಬಂದ ಮೇಲೂ ಇದು ಬದಲಾಗಿಲ್ಲ. ಒಬ್ಬ ನಮೂದಿಸಿದ ದೊಡ್ಡ ಮೊತ್ತವನ್ನು ಇನ್ನೊಬ್ಬ ಒಪ್ಪಲೇಬೇಕು. ಒಪ್ಪಿದ ಮೇಲೆ ತಪ್ಪಿಗೆ ಅವನೂ ಹೊಣೆ. ಹಾಗಾದರೆ ಅರ್ಹತೆಯೆಂದರೆ ಇನ್ನೊಬ್ಬರ ಕೈಯಿಂದಾದ ತಪ್ಪಿಗೆ ತನ್ನ ಹೆಸರನ್ನು ಒಡ್ಡುವ ಸಿದ್ಧತೆ. ಇದನ್ನು ಮುಂಗಡವಾಗಿ ತೋರಿಸುವುದು ಹೇಗೆ? ಹೊತ್ತು ಮೀರಿ ಕುಳಿತಿರುವುದರಿಂದಲೋ, ಮ್ಯಾನೇಜರರ ಮಾತಿಗೆ ಎಲ್ಲರಿಗಿಂತ ಮೊದಲು ತಲೆಯಾಡಿಸುವುದರಿಂದಲೋ ಅದು ಕಾಣುವುದಿಲ್ಲ. ಲಿಖಿತ ಪರೀಕ್ಷೆಯಲ್ಲೂ ಕಾಣದು. ಅಲ್ಲಿ ಕಾಣುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಮುಗಳನ್ನು ಎಷ್ಟು ಬಾಯಿಪಾಠ ಮಾಡಿದ್ದೀರಿ ಎಂಬುದಷ್ಟೆ.

ಈ ತೊಡಕು ಕೌಟಿಲ್ಯನಿಗೆ ಗೊತ್ತಿತ್ತು. ಅರ್ಥಶಾಸ್ತ್ರದ ಮೊದಲ ಅಧಿಕರಣದ 10ನೆಯ ಅಧ್ಯಾಯದಲ್ಲಿ ಅಮಾತ್ಯರಿಗಾಗಿ ಅವನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಗುಪ್ತ ಪರೀಕ್ಷೆಗಳನ್ನು ಹೇಳುತ್ತಾನೆ. ಹಣದ ಆಮಿಷಕ್ಕೆ ಬಗ್ಗದವನಿಗೆ ಕಂದಾಯ, ಭಂಡಾರದ ಕೆಲಸ. ನಾಲ್ಕರಲ್ಲೂ ಗೆದ್ದವನಿಗೆ ಮಂತ್ರಿಪದವಿ. ತಾನು ಪರೀಕ್ಷೆಗೆ ಒಳಗಾಗಿದ್ದೇನೆಂಬುದೇ ತಿಳಿಯದವನು ನಟಿಸುವುದಾದರೂ ಹೇಗೆ? ಜಾಣತನವೇ ಸರಿ. ಆದರೆ ಅದೇ ಅಧ್ಯಾಯದ ಕೊನೆಯಲ್ಲಿ ಅವನೇ ಅಳುಕುತ್ತಾನೆ. ಕೆಡದವನನ್ನು ಪರೀಕ್ಷೆಯ ನೆಪದಲ್ಲಿ ಕೆಡಿಸಿದರೆ ನೀರಿಗೆ ವಿಷ ಬೆರೆಸಿದಂತಾದೀತು, ಆಮೇಲೆ ಮದ್ದು ಸಿಗಲಾರದು ಎಂಬ ಭಯ ಅವನಿಗೂ ಇದೆ.

ಕದ್ದು ಪರೀಕ್ಷಿಸುವುದು ಬೇಡವೆಂದಾದರೆ ಉಳಿಯುವುದು ಬಾಯಿಬಿಟ್ಟು ಕೇಳುವುದೇ. “ಈ ಹೊಣೆ ನನಗೆ ಕೊಡಿ, ತಪ್ಪಿದರೆ ನನ್ನನ್ನೇ ಕೇಳಿ” ಎನ್ನುವವನು ನನ್ನ ದೃಷ್ಟಿಯಲ್ಲಿ ಹೊಗಳುಭಟ್ಟನಲ್ಲ. ಸುಮ್ಮನಿದ್ದು, ಅವಕಾಶ ತಪ್ಪಿದ ಮೇಲೆ ಚಹಾದಂಗಡಿಯಲ್ಲಿ ಗೊಣಗುವವನ ವಿನಯದಲ್ಲಿ ಅಹಂಕಾರದ ಪಾಲು ಕಡಿಮೆಯೇನಿಲ್ಲ. ಅವನು ಹೇಳದೆಯೇ ಎಲ್ಲರಿಗೂ ತಿಳಿಯಬೇಕಿತ್ತಂತೆ!

ಗಡಿನಾಡಿನಲ್ಲಿ ಈ ಮೌನಕ್ಕೆ ಇನ್ನೊಂದು ಕಾರಣವೂ ಉಂಟು. ಅಧಿಕಾರಿಯಾದರೆ ವರ್ಗಾವಣೆ ಬೆನ್ನಿಗೇ ಬರುತ್ತದೆ. ತೋಟ, ಮುದಿ ತಾಯಿ, ಕನ್ನಡ ಮಾಧ್ಯಮದಲ್ಲಿ ಓದುವ ಮಗು, ಇವನ್ನೆಲ್ಲ ಬಿಟ್ಟು ಹೊರಡಲಾರದೆ ಬಡ್ತಿಯೇ ಬೇಡವೆಂದವರು ಕಾಸರಗೋಡಿನಲ್ಲಿ ಇದ್ದಾರೆ. ಅವರನ್ನು ಕೈಲಾಗದವರೆನ್ನುವುದು ಅನ್ಯಾಯ. ತುಳು ಬಿಟ್ಟು ಬೇರೆ ಬಾರದ ಅಜ್ಜಿ ಮಲಯಾಳದ ಫಾರಂ ಹಿಡಿದು ಬಂದಾಗ ಅಂಥವನೊಬ್ಬ ಮಾಡುವುದನ್ನು ನೋಡಬೇಕು. ಓದಿ ಹೇಳುತ್ತಾನೆ, ತುಂಬಿಸುತ್ತಾನೆ, ಹೆಬ್ಬೆಟ್ಟು ಒತ್ತುವ ಮೊದಲು ಮೊತ್ತವನ್ನು ಮತ್ತೊಮ್ಮೆ ಅವಳ ಭಾಷೆಯಲ್ಲೇ ಹೇಳುತ್ತಾನೆ. ಅವಳು ಯಾವುದಕ್ಕೆ ಒಪ್ಪಿದಳೆಂಬುದಕ್ಕೆ ಆ ಕ್ಷಣದಲ್ಲಿ ಅವನೇ ಸಾಕ್ಷಿ. ಅಧಿಕಾರಿಯ ಸಹಿಗಿಂತ ಇದರ ಭಾರ ಕಡಿಮೆಯೆಂದು ನನಗೆ ಅನಿಸಿಲ್ಲ.

ಸಂದರ್ಶನದಲ್ಲಿ ಇದನ್ನು ಕೇಳುವವರಿಲ್ಲ. ಆದ್ದರಿಂದ ಹೇಳಬೇಕಾದವನು ಅವನೇ. ಬೀಗುವುದಕ್ಕಲ್ಲ, ನಾಳೆ ಅವನು ನಿವೃತ್ತನಾದಾಗ ಆ ಕುರ್ಚಿಗೆ ತುಳು ಬಲ್ಲವರೊಬ್ಬರು ಬೇಕೆಂಬುದು ಮ್ಯಾನೇಜರರಿಗೆ ಇಂದೇ ತಿಳಿದಿರಲಿ ಎಂದು.