ಪ್ಲಗ್ಗಿಗೆ ಹಿಡಿದ ಮಸಿ



ಪಾಲಬಾವಿಯ ರೈತರೊಬ್ಬರು ಸ್ವಂತ ಅಣ್ಣನಿಂದ ಹಳೆಯ ಯೆಜ್ಡಿ ಕೊಂಡರು. (ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಆ ಗಾಡಿಗಳ ಆಯುಸ್ಸು ಗಟ್ಟಿ!) ವಾರದೊಳಗೆ ಅದು ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗದಾಯಿತು. "ಅಣ್ಣ ಮೋಸ ಮಾಡ್ಯಾನ" ಎಂದು ಮಾತು ಬಿಟ್ಟರು. ಭಾನುವಾರ ಪರಮಪ್ರಸಾದ ಸ್ವೀಕರಿಸುವುದನ್ನು ಮಾತ್ರ ಬಿಡಲಿಲ್ಲ.

ಮೆಕ್ಯಾನಿಕ್ ನೋಡಿದ. ಪೆಟ್ರೋಲ್ ಹರಿಯುತ್ತಿತ್ತು. ಪ್ಲಗ್ ಬಿಚ್ಚಿದರೆ ಎಣ್ಣೆ ಜಿಡ್ಡು, ಕಪ್ಪು ಮಸಿ, ಕಿಡಿಯೇ ಇಲ್ಲ. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು, ಹೆಚ್ಚಾದರೆ ಹೀಗಾಗುತ್ತದೆ.

"ಆಯಿಲ್ ಯಾರ್ ಹಾಕಿದ್ರಿ?"

"ನಾನ..."

ಪ್ಲಗ್ ಉಜ್ಜಿ, ಪೆಟ್ರೋಲ್ ಬದಲಿಸಿದ ಮೇಲೆ ಎರಡನೇ ಕಿಕ್ಕಿಗೆ ಗಾಡಿ ಗುಡುಗಿತು.

ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ಸಂಧಾನ ಮಾಡಿಕೊಳ್ಳಬೇಕೆಂದು ಯೇಸುಸ್ವಾಮಿ ಹೇಳಿದ್ದು (ಮತ್ತಾಯ 5:23-24) ಅವರಿಗೆ ಆಗ ನೆನಪಾಯಿತು. ಆ ಭಾನುವಾರ ದೇವಾಲಯಕ್ಕೆ ಹೊರಟ ಗಾಡಿ ಮೊದಲು ಅಣ್ಣನ ಅಂಗಳದಲ್ಲಿ ನಿಂತಿತು.