ಎಲ್ಲಿ ಹುಟ್ಟುವುದು ಮೇಲು?

ಹೊರದೇಶದಿಂದ ಮರಳಿದವರನ್ನು ನಾವು ಮೊದಲು ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಹೇಗಪ್ಪ, ಇಲ್ಲಿಗಿಂತ ವಾಸಿಯೇ?" ಬಂದವರು ರಸ್ತೆಗಳ ಚೊಕ್ಕಟತನವನ್ನು ಹೊಗಳುತ್ತಾರೆ, ಅಕ್ಕಪಕ್ಕದವರು ಮಾತಾಡಿಸುವುದಿಲ್ಲವೆಂದು ನಿಟ್ಟುಸಿರಿಡುತ್ತಾರೆ, ಕಾಫಿಯ ವಿಷಯಕ್ಕೆ ಬಂದರೆ ಮುಖ ಸಿಂಡರಿಸುತ್ತಾರೆ. ಕೇಳಿದವರಿಗೂ ಹೇಳಿದವರಿಗೂ ತೃಪ್ತಿ. ಆದರೆ ಈ ಹೋಲಿಕೆಯಲ್ಲಿ ಒಂದು ಮೋಸ ಅಡಗಿದೆ. ಹೋಲಿಸಹೊರಟಾಗ ನಾವು ನಮ್ಮ ಕುರ್ಚಿಯನ್ನು ಜೊತೆಯಲ್ಲೇ ಹೊತ್ತುಕೊಂಡು ಹೋಗುತ್ತೇವೆ. ಅಮೆರಿಕವೆಂದರೆ ಅಲ್ಲಿ ಎಂಜಿನಿಯರಾಗಿರುವ ನಮ್ಮ ಹುಡುಗನ ಅಮೆರಿಕ. ಅವನ ಕಚೇರಿಯ ನೆಲ ಒರೆಸುವವನ ಅಮೆರಿಕ ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

ಈ ಮೋಸವನ್ನು ಕಳೆಯಲು ಅಮೆರಿಕದವರೇ ಆದ ತತ್ತ್ವಜ್ಞ ಜಾನ್ ರಾಲ್ಸ್ ಅವರ ಒಂದು ಉಪಾಯ ಒದಗುತ್ತದೆ. ನ್ಯಾಯದ ಸ್ವರೂಪವನ್ನು ಕುರಿತು 1971ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಹೇಳುವುದು ಸ್ಥೂಲವಾಗಿ ಇಷ್ಟು: ಸಮಾಜದ ಕಟ್ಟಳೆಗಳನ್ನು ಆರಿಸುವವನಿಗೆ ತಾನು ಅಲ್ಲಿ ಧನಿಕನೋ ಬಡವನೋ, ಗಟ್ಟಿಮುಟ್ಟಾದವನೋ ರೋಗಿಯೋ ಎಂಬುದು ತಿಳಿಯದಂತೆ ನಡುವೆ ಒಂದು ತೆರೆ ಹಿಡಿಯಬೇಕು. ಮದುವೆಯ ಅಂತಃಪಟದ ಹಾಗೆ ಎನ್ನೋಣವೆಂದರೆ, ಅಲ್ಲಿ ಆಚೆ ನಿಂತವರು ಯಾರೆಂಬುದು ಹೇಗೂ ಗೊತ್ತಿರುತ್ತದೆ. ರಾಲ್ಸ್ ಇದನ್ನು ಹೇಳಿದ್ದು ಒಂದೇ ಸಮಾಜದೊಳಗಿನ ನ್ಯಾಯಕ್ಕೆ; ಎರಡು ದೇಶಗಳ ಹೋಲಿಕೆಗೆ ಬಳಸಿಕೊಳ್ಳುವ ಸಲುಗೆ ನನ್ನದು.

ತೆರೆಯ ಆಚೆ ಅಮೆರಿಕವನ್ನೂ ಕೋಸ್ಟರೀಕವನ್ನೂ ನಿಲ್ಲಿಸಿ ನೋಡೋಣ. ಕೋಸ್ಟರೀಕ ಮಧ್ಯ ಅಮೆರಿಕದ ಪುಟ್ಟ ದೇಶ; ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತ ತುಸು ಹೆಚ್ಚು ನೆಲ, ಸುಮಾರು ಐವತ್ತು ಲಕ್ಷ ಜನ, ಕಾಫಿ ಬಾಳೆಗಳ ತೋಟಗಳು. ತಲಾ ವರಮಾನದಲ್ಲಿ ಅಮೆರಿಕ ಅದಕ್ಕಿಂತ ಹಲವು ಪಟ್ಟು ಮುಂದೆ. ಆದರೂ ಅಲ್ಲಿ ಹುಟ್ಟಿದ ಕೂಸಿನ ಸರಾಸರಿ ಆಯುಸ್ಸು 80ರ ಆಸುಪಾಸು. ಅಮೆರಿಕದ್ದು 2019ರಲ್ಲಿ 79ರ ಸಮೀಪದಲ್ಲಿದ್ದು, ಮಹಾಮಾರಿಯ ಕಾಲವಾದ 2021ರಲ್ಲಿ 76ರ ಚಿಲ್ಲರೆಗೆ ಇಳಿದು, 2023ರಲ್ಲಿ ಮತ್ತೆ 78ನ್ನು ದಾಟಿತು.

ಇದರಲ್ಲಿ ಪವಾಡವೇನೂ ಇಲ್ಲ. ಸ್ವತಃ ವೈದ್ಯರಾಗಿದ್ದ ಅಧ್ಯಕ್ಷ ಕಾಲ್ಡೆರಾನ್ ಗಾರ್ಡಿಯ ಅವರ ಕಾಲದಲ್ಲಿ, 1941ರಲ್ಲಿ, ಅಲ್ಲಿ ಸಾಮಾಜಿಕ ವಿಮೆಯ ಸಂಸ್ಥೆ ಹುಟ್ಟಿತು. ಜನ ಅದನ್ನು 'ಕಾಹ' ಎನ್ನುತ್ತಾರೆ, ಪೆಟ್ಟಿಗೆ ಎಂದರ್ಥ. 1948ರಲ್ಲಿ ಒಂದೂವರೆ ತಿಂಗಳ ಅಂತರ್ಯುದ್ಧ ನಡೆಯಿತು. ಗೆದ್ದ ಹೋಸೆ ಫಿಗೆರೆಸ್ ಕಾಲ್ಡೆರಾನರ ವಿರೋಧಿ. ಸೋತವರು ಕಟ್ಟಿದ್ದನ್ನು ಗೆದ್ದವರು ಕೆಡವುವುದು ರಾಜಕೀಯದ ವಾಡಿಕೆ. ಫಿಗೆರೆಸ್ ಆ ಪೆಟ್ಟಿಗೆಯನ್ನು ಉಳಿಸಿ ಸೈನ್ಯವನ್ನು ತೆಗೆದರು. ಆ ವರ್ಷದ ಡಿಸೆಂಬರ್ 1ರಂದು ಬೆಯಾವಿಸ್ತ ಸೈನಿಕ ಠಾಣ್ಯದ ಗೋಡೆಗೆ ತಾವೇ ಸುತ್ತಿಗೆಯ ಪೆಟ್ಟು ಹಾಕಿದರು. ಆ ಕಟ್ಟಡದಲ್ಲಿ ಈಗ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. 1990ರ ದಶಕದ ಮಧ್ಯದಿಂದೀಚೆಗೆ ಕೆಲವು ಸಾವಿರ ಜನರಿಗೆ ಒಂದರಂತೆ ಆರೋಗ್ಯ ತಂಡಗಳು ಏರ್ಪಟ್ಟವು. ವೈದ್ಯರು, ದಾದಿ, ಜೊತೆಗೆ ಮನೆಮನೆಗೆ ಹೋಗಿ ಬರುವ ಒಬ್ಬ ಕಾರ್ಯಕರ್ತ. ರೋಗಿ ಬರಲೆಂದು ಕಾಯದೆ, ರೋಗ ಬಲಿಯುವ ಮುನ್ನ ತಾವೇ ಹೊಸಿಲಿಗೆ ಹೋಗುವ ಏರ್ಪಾಟು.

ಎರಡು ದೇಶಗಳ ಮರಣಗಳನ್ನು ಕೂಲಂಕಷವಾಗಿ ಹೋಲಿಸಿದ ರೊಸೇರೊ ಬಿಕ್ಸ್‌ಬಿ ಮತ್ತು ಡೌ ಎಂಬ ವಿದ್ವಾಂಸರ ಅಧ್ಯಯನ 2016ರಲ್ಲಿ ಹೊರಬಂತು. ಅದು ಕಂಡದ್ದು ಕುತೂಹಲಕರ. ಮೇಲಿನ ಕಾಲುಭಾಗದ ಜನರನ್ನಷ್ಟೇ ತೆಗೆದುಕೊಂಡರೆ ಅಮೆರಿಕದವರೇ ಹೆಚ್ಚು ಬಾಳುತ್ತಾರೆ. ಕೆಳಗಿನ ಕಾಲುಭಾಗಕ್ಕೆ ಬಂದರೆ ಅಮೆರಿಕದ ಬಡವನು ಕೋಸ್ಟರೀಕದ ಬಡವನಿಗಿಂತ ಸ್ಪಷ್ಟವಾಗಿ ಮುಂಚೆ ಸಾಯುತ್ತಾನೆ. ಧೂಮಪಾನ, ಬೊಜ್ಜು, ಹತೋಟಿಗೆ ಬಾರದ ರಕ್ತದೊತ್ತಡ, ವಿಮೆಯಿಲ್ಲದಿರುವುದು, ಇವೆಲ್ಲ ಅಮೆರಿಕದಲ್ಲಿ ಬಡವರ ಪಾಲಿಗೆ ಹೆಚ್ಚಾಗಿ ಬಂದಿವೆ. ಕೋಸ್ಟರೀಕವೇನು ಸಮಾನತೆಯ ನಾಡಲ್ಲ. ವರಮಾನದ ಏರುತಗ್ಗು ಅಲ್ಲಿ ಅಮೆರಿಕಕ್ಕಿಂತಲೂ ಹೆಚ್ಚು. ಅಂಥ ನಾಡಿನಲ್ಲೂ ಸಾವಿನ ಅಂತರ ಇಷ್ಟು ಕಿರಿದಾಗಿದೆ ಎಂಬುದೇ ನನ್ನನ್ನು ಬಹುಕಾಲ ಯೋಚನೆಗೆ ಹಚ್ಚಿದ ಸಂಗತಿ.

ಹಾಗಾದರೆ ತೆರೆಯ ಈಚೆ ನಿಂತವನು ಕೋಸ್ಟರೀಕವನ್ನೇ ಆರಿಸಬೇಕೆ? ಅವಸರ ಬೇಡ. ಅಲ್ಲಿ ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಸರದಿ ಕಾಯುವುದುಂಟು. ಮಾದಕದ್ರವ್ಯದ ವ್ಯಾಪಾರ ಹಬ್ಬಿ 2023ರಲ್ಲಿ 900ಕ್ಕೂ ಹೆಚ್ಚು ಕೊಲೆಗಳಾದವು. ಜನಸಂಖ್ಯೆಯ ಲೆಕ್ಕದಲ್ಲಿ ಅದು ಅಮೆರಿಕದ ಪ್ರಮಾಣವನ್ನು ಮೀರಿದ್ದು. ಎಲ್ಲಕ್ಕಿಂತ ಬಲವಾದ ಆಕ್ಷೇಪಣೆ ಇನ್ನೊಂದಿದೆ. ಪೆರೆಸ್ ಸೆಲೆದೋನ್ ಎಂಬ ಕಾಫಿ ಸೀಮೆಯಿಂದ ದಶಕಗಳಿಂದ ಯುವಕರು ಅಮೆರಿಕದ ನ್ಯೂಜೆರ್ಸಿಗೆ ಕೂಲಿಗೆ ಹೋಗುತ್ತಾರೆ. ಬಡವನಿಗೆ ಆ ದೇಶ ಅಷ್ಟು ಕೆಟ್ಟದ್ದಾದರೆ ಬಡವನೇ ಏಕೆ ಅಲ್ಲಿಗೆ ಹೋಗಬೇಕು?

ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಹೋಗುವವನಿಗೆ ತೆರೆಯಿಲ್ಲ. ತನ್ನ ವಯಸ್ಸು, ತೋಳಿನ ಕಸುವು, ಸಾಲದ ಮೊತ್ತ ಎಲ್ಲವೂ ಅವನಿಗೆ ಗೊತ್ತು. ಅವನು ಆರಿಸಿಕೊಂಡದ್ದು ತನ್ನ ಬಾಳಿನ ಹತ್ತು ಹದಿನೈದು ವರ್ಷದ ದುಡಿಮೆಗೆ ಒಂದು ಜಾಗವನ್ನು. ಇಡೀ ಬಾಳಿಗೆ, ಅದೂ ಯಾರ ಬಾಳಿಗೆಂದು ತಿಳಿಯದೆ, ಒಂದು ದೇಶವನ್ನು ಆರಿಸುವುದು ಬೇರೆಯೇ ಮಾತು. ಆ ಯುವಕರಲ್ಲಿ ಎಷ್ಟೋ ಮಂದಿ ಡಾಲರಿನಲ್ಲಿ ಊರಲ್ಲೊಂದು ಮನೆ ಕಟ್ಟಿಸಿ ಹಿಂತಿರುಗುತ್ತಾರೆ. ಎರಡು ದೇಶಗಳನ್ನೂ ಅವರು ನಮಗಿಂತ ಜಾಣತನದಿಂದ ಅಳೆದಿರಬಹುದು: ದುಡಿಯಲು ಒಂದು, ಮುಪ್ಪಿಗೆ ಒಂದು. ಮಗ ನ್ಯೂಜೆರ್ಸಿಯಲ್ಲಿ ಯಾರದೋ ಅಂಗಳದ ಹುಲ್ಲು ಕತ್ತರಿಸುತ್ತಿರುವಾಗ ಇತ್ತ ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತ ಬಾಗಿಲು ತಟ್ಟಿ, ತಾಯಿಯ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುತ್ತಿರುತ್ತಾನೆ. ಯಾವ ದೇಶ ಮೇಲೆಂದು ಆಕೆಯನ್ನು ಕೇಳಿದರೆ, ಮಗನಿರುವುದೋ ತಾನಿರುವುದೋ ಎಂದು ಆಕೆಗೂ ಒಂದು ಗಳಿಗೆ ತೋಚಲಿಕ್ಕಿಲ್ಲ.